ಕೊಟ್ಟಿಗೆಗೆ ಮಂಜೂರಾದ ಬಿಸಿಲು

ಗೆ,
ಮಾನ್ಯ ಮುಖ್ಯಾಧಿಕಾರಿಗಳು,
ಮನೆಮಾಡಿನ ಸೋಲಾರ್ ಸಹಾಯಧನ ವಿಭಾಗ,
ರಾಜಧಾನಿ.

ವಿಷಯ: ನಮ್ಮ ಮನೆಗೆ ಕೇಳಿದ ಸಹಾಯಧನವನ್ನು ಎದುರುಮನೆಯ ಒಂಬತ್ತು ಹಸುಗಳಿಗೆ ಔದಾರ್ಯದಿಂದ ಮಂಜೂರು ಮಾಡಿದ್ದಕ್ಕೆ ಕೃತಜ್ಞತೆ.

ಮಾನ್ಯರೇ,

ಮೇಯೋ ಸೀಮೆಯ ಪಶ್ಚಿಮದ ತುದಿಯಲ್ಲಿ, ಇನ್ನೆರಡು ಹೊಲ ದಾಟಿದರೆ ಸಮುದ್ರಕ್ಕೇ ಬೀಳುವಂಥ ಜಾಗದಲ್ಲಿರುವ ಕಿಲ್ಲವಾರ್ನ ಎಂಬ ಹಳ್ಳಿಯಿಂದ, ಮೂವತ್ತನಾಲ್ಕು ವರ್ಷ ಇಲ್ಲಿನ ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತು ಈಗ ನಿವೃತ್ತಳಾಗಿರುವ ಅಟ್ರಾಕ್ಟಾ ಗೆರಟಿ ಎಂಬ ನಾನು ಮಾಡುವ ಅನೇಕ ವಂದನೆಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಕಚೇರಿಗೆ ಫೋನು ಮಾಡಿದಾಗ ಕೇಳಿಬರುವ ಪಿಟೀಲಿನ ಸಂಗೀತವನ್ನು ಹೋದ ವರ್ಷ ಎಷ್ಟು ಹೊತ್ತು ಆಲಿಸಿದ್ದೇನೆಂದರೆ, ತಮ್ಮ ಮನೆಯವರಲ್ಲಿ ನಾನೂ ಒಬ್ಬಳೆಂಬ ಸಲುಗೆ ಬಂದುಬಿಟ್ಟಿದೆ. ಈ ಪತ್ರದಲ್ಲಿ ಎಲ್ಲಾದರೂ ಹೆಚ್ಚು ಮಾತಾಡಿದ್ದರೆ ಆ ಸಲುಗೆಯ ಲೆಕ್ಕಕ್ಕೆ ಹಾಕಿಕೊಳ್ಳಬೇಕು. ಇದರ ಒಂದು ಪ್ರತಿಯನ್ನು ನಮ್ಮ ಜಿಲ್ಲೆಯ ವಾರಪತ್ರಿಕೆಗೂ ಕಳುಹಿಸುತ್ತಿದ್ದೇನೆ. ತಮ್ಮ ಸಾಧನೆ ಯಾರ ಕಣ್ಣಿಗೂ ಬೀಳದೆ ಕಡತದೊಳಗೇ ಮುದುಡಿ ಹೋಗಬಾರದು ಎಂಬುದಷ್ಟೇ ನನ್ನ ಕಾಳಜಿ.

ನನ್ನ ತಮ್ಮ ಮ್ಯಾಲಕಿ ದೋಣಿಗಳ ಇಂಜಿನ್ ರಿಪೇರಿ ಮಾಡುತ್ತಿದ್ದವನು. ಡೀಸೆಲ್ ಹೊಗೆ, ಸಿಗರೇಟಿನ ಹೊಗೆ ಎರಡನ್ನೂ ಭೇದವಿಲ್ಲದೆ ನುಂಗಿದ್ದರಿಂದ ಅರವತ್ತಾರು ತುಂಬುವಷ್ಟರಲ್ಲಿ ಅವನ ಶ್ವಾಸಕೋಶಗಳು ಕೈಕೊಟ್ಟವು. ಅಂದಿನಿಂದ ಅವನ ಕುರ್ಚಿಯ ಪಕ್ಕದಲ್ಲಿ ಆಕ್ಸಿಜನ್ ಯಂತ್ರವೊಂದು ಬಿಡುವಿಲ್ಲದೆ ಗುರುಗುಟ್ಟುತ್ತಿತ್ತು. ಅದು ಕರೆಂಟಿನಿಂದ ನಡೆಯುವ ಯಂತ್ರ. ನಮ್ಮಲ್ಲಿ ಕರೆಂಟು, ಗಾಳಿ ಬಂದಾಗ ಹೋಗುವಂಥದ್ದು. ಗಾಳಿಯೋ, ಯಾವಾಗಲೂ ಬರುವಂಥದ್ದು. ಹೋದ ವರ್ಷದ ಜನವರಿಯ ಬಿರುಗಾಳಿಗೆ ಕಂಬಗಳು ಉರುಳಿ ನಾಲ್ಕು ದಿನ ಊರು ಕತ್ತಲಲ್ಲಿತ್ತು. ಅಗ್ನಿಶಾಮಕ ದಳದವರು ಬಿದ್ದ ಮರಗಳನ್ನು ಕಡಿದು ದಾರಿ ಮಾಡಿಕೊಂಡು ಸಿಲಿಂಡರುಗಳನ್ನು ತಂದುಕೊಟ್ಟರು. ನಾಲ್ಕನೆಯ ದಿನ ಕೊನೆಯ ಸಿಲಿಂಡರಿನ ಮುಳ್ಳು ಕೆಳಗಿಳಿಯುವುದನ್ನು ಇಬ್ಬರೂ ನೋಡುತ್ತ ಕೂತಿದ್ದೆವು. ಆಗ ಅವನು ಹೇಳಿದ ಮಾತು ಇಷ್ಟು: "ಅಕ್ಕಾ, ನನ್ನ ಉಸಿರನ್ನ ಆ ಕಂಬಕ್ಕೆ ಕಟ್ಟಿಟ್ಟವ್ರೆ. ಅದನ್ನ ಬಿಡಿಸ್ಕೊಡು."

ಮಾಡಿನ ಮೇಲೆ ಸೋಲಾರ್ ಫಲಕ, ಒಳಗೊಂದು ದೊಡ್ಡ ಬ್ಯಾಟರಿ ಹಾಕಿಸಿದರೆ ಕಂಬದ ಹಂಗು ತಪ್ಪುತ್ತದೆ ಎಂದು ಅವನನ್ನು ನೋಡಲು ಬರುತ್ತಿದ್ದ ನರ್ಸಮ್ಮ ಹೇಳಿದರು. ಅದಕ್ಕೆ ಸರ್ಕಾರ ಸಹಾಯಧನ ಕೊಡುತ್ತದೆ ಎಂದು ತಮ್ಮ ಜಾಹೀರಾತು ಹೇಳಿತು. ಅರ್ಜಿ ತುಂಬುವುದರಲ್ಲಿ ಈ ಸೀಮೆಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ವಿಧವೆಯರ ಪಿಂಚಣಿಯಿಂದ ಹಿಡಿದು ನಾಯಿಯ ಲೈಸೆನ್ಸಿನವರೆಗೆ ಊರಿನ ಎಲ್ಲ ಅರ್ಜಿಗಳೂ ನನ್ನ ಕೈದಾಟಿಯೇ ಹೋದವು. ಆದ್ದರಿಂದ ತಮ್ಮ ಅರ್ಜಿಯನ್ನೂ ಒಂದು ಅಕ್ಷರ ಕಾಟು ಹೊಡೆಯದೆ ತುಂಬಿ ಮಾರ್ಚಿನಲ್ಲಿ ಕಳುಹಿಸಿದೆ. ಅನುಮತಿ ಪತ್ರ ಕೈಸೇರುವ ಮೊದಲು ಮಾಡಿನ ಮೇಲೆ ಯಾವುದೇ ಕೆಲಸ ಶುರುಮಾಡಿದರೆ ಸಹಾಯಧನ ರದ್ದು ಎಂಬ ತಮ್ಮ ನಿಯಮಕ್ಕೆ ತಲೆಬಾಗಿ, ಬಿರುಗಾಳಿಗೆ ಹಾರಿಹೋಗಿದ್ದ ಎರಡು ಹೆಂಚನ್ನೂ ಹಾಕಿಸದೆ, ಸೋರುವ ಕಡೆ ಬಕೆಟ್ ಇಟ್ಟುಕೊಂಡು ಮೂರು ತಿಂಗಳು ಕಾದೆವು. ಆ ಬಕೆಟ್ಟಿನ ನೀರನ್ನು ದಿನಕ್ಕೆರಡು ಸಲ ಚೆಲ್ಲುವಾಗಲೆಲ್ಲ ತಮ್ಮ ಶಿಸ್ತನ್ನು ನೆನೆಯುತ್ತಿದ್ದೆ.

ಜೂನ್ ತಿಂಗಳಲ್ಲಿ ಅನುಮತಿ ಪತ್ರ ಬಂತು. ಅಭಿನಂದನೆಗಳು ಎಂದು ದಪ್ಪ ಅಕ್ಷರದಲ್ಲಿತ್ತು. ಫಲಕ ಕೂರಿಸಲು ವೆಸ್ಟ್‌ಪೋರ್ಟಿನಿಂದ ಬಂದ ಸೊರಖಾ ಮೋರನ್ ಎಂಬ ಹೆಣ್ಣುಮಗಳು ಪತ್ರವನ್ನು ಒಮ್ಮೆ, ನಮ್ಮ ಮನೆಯನ್ನು ಒಮ್ಮೆ, ತನ್ನ ಫೋನಿನಲ್ಲಿದ್ದ ನಕ್ಷೆಯನ್ನು ಎರಡು ಸಲ ನೋಡಿ, ದಾರಿಯಾಚೆಗಿನ ಪ್ಯಾಡರ್ ಲವೆಲ್‌ನ ದನದ ಕೊಟ್ಟಿಗೆಯತ್ತ ಬೆರಳು ತೋರಿಸಿದಳು. "ಮಿಸ್ ಗೆರಟಿ, ಇವ್ರು ಕೊಟ್ಟಿರೋದು ನಿಮ್ಮನೇಗಲ್ಲ. ಅದಕ್ಕೆ."

ಆಗಿದ್ದಿಷ್ಟು. ಪ್ರತಿ ಮನೆಗೂ ಒಂದೊಂದು ಅಂಚೆಸಂಕೇತ ಕೊಟ್ಟ ಕಾಲದಲ್ಲಿ, ಪ್ಯಾಡರ್‌ನ ಅಜ್ಜಿ ಬಾಳಿಹೋದ ಹಳೆಯ ಮನೆಗೂ ಯಾರೋ ಒಂದು ಸಂಕೇತ ದಯಪಾಲಿಸಿದ್ದರು. ಅಷ್ಟುಹೊತ್ತಿಗೆ ಆ ಮನೆಯಲ್ಲಿ ದನ ಕಟ್ಟಲು ತೊಡಗಿ ಹತ್ತಾರು ವರ್ಷಗಳಾಗಿದ್ದವು. ತಮ್ಮ ಕಂಪ್ಯೂಟರು ನನ್ನ ಅರ್ಜಿಯನ್ನು ಓದಿ, ನನ್ನ ಸಂಕೇತವನ್ನು ಬಿಟ್ಟು ಅದರ ಪಕ್ಕದ ಸಂಕೇತವನ್ನು ಹಿಡಿಯಿತು. ನಾನು ಫೋನು ಮಾಡಿದೆ. ಹನ್ನೊಂದನೆಯ ಸಲ ಕಿಲಿಯನ್ ಎಂಬ ಸೌಮ್ಯ ದನಿಯ ಯುವಕ ಸಿಕ್ಕಿ, ನಕ್ಷೆಯ ಪ್ರಕಾರ ನಾನು ವಾಸವಾಗಿರುವುದು ಆ ಕಟ್ಟಡದಲ್ಲೇ ಎಂದು ತಿಳಿಸಿದರು. ನಾನು ಈಗ ನನ್ನ ಅಡುಗೆಮನೆಯಲ್ಲೇ ಕೂತು ಮಾತಾಡುತ್ತಿದ್ದೇನೆ, ಕಿಟಕಿಯಿಂದ ಆ ಕಟ್ಟಡ ಕಾಣುತ್ತಿದೆ, ಅದರ ಬಾಗಿಲಿನಿಂದ ಒಂದು ಹಸುವೂ ನನ್ನನ್ನು ನೋಡುತ್ತಿದೆ ಎಂದು ವಿವರಿಸಿದೆ. "ಇರ್ಬಹುದು ಮೇಡಂ, ಆದ್ರೆ ನಮ್ಮಲ್ಲಿ ಹಾಗೆ ತೋರಿಸ್ತಿಲ್ಲ" ಎಂದರು. ಇಷ್ಟು ವಿನಯದಿಂದ ನನ್ನನ್ನು ನನ್ನ ಮನೆಯಿಂದ ಯಾರೂ ಹೊರಹಾಕಿರಲಿಲ್ಲ. ಅರ್ಜಿ ಹಿಂತೆಗೆದು ಹೊಸದಾಗಿ ಹಾಕಿದರೆ ಸರತಿ ಮತ್ತೆ ಕೊನೆಯಿಂದ, ಅಂದರೆ ಇನ್ನೊಂದು ಚಳಿಗಾಲ ಕಳೆದ ಮೇಲೆ. ಇಲ್ಲವಾದರೆ ಅನುಮತಿ ಪಡೆದ ಕಟ್ಟಡದ ಮಾಲೀಕರು ಒಪ್ಪಿ ಸಹಿ ಹಾಕಿದರೆ ಅನುಮತಿಯನ್ನು ವರ್ಗಾಯಿಸಲು ಪರಿಶೀಲಿಸಬಹುದು ಎಂದೂ ಹೇಳಿದರು.

ಇಲ್ಲಿ ತಮಗೊಂದು ಮಾತು ಹೇಳಬೇಕು. ಮ್ಯಾಲಕಿಗೂ ಪ್ಯಾಡರ್‌ಗೂ ಹತ್ತೊಂಬತ್ತು ವರ್ಷದಿಂದ ಮಾತಿರಲಿಲ್ಲ. ಊರಿನ ದೋಣಿ ಪಂದ್ಯದ ದಿನ, ಮ್ಯಾಲಕಿ ರಿಪೇರಿ ಮಾಡಿಕೊಟ್ಟಿದ್ದ ಇಂಜಿನು ನಡು ಕೊಲ್ಲಿಯಲ್ಲಿ ಕೆಟ್ಟು ನಿಂತು, ಪ್ಯಾಡರ್‌ನನ್ನು ಬೇರೆ ದೋಣಿಯವರು ಹಗ್ಗ ಕಟ್ಟಿ ಎಳೆದುತಂದರು. ದಡದಲ್ಲಿ ಪಾದ್ರಿಗಳು ಸೇರಿದಂತೆ ಇಡೀ ಊರಿನ ಎದುರು ಪ್ಯಾಡರ್ ನನ್ನ ತಮ್ಮನನ್ನು ಅಡ್ಡಕಸುಬಿ ಎಂದ. ಅದಾದ ಮೇಲೆ ಹದಿನೈದು ಹೆಜ್ಜೆ ಅಗಲದ ದಾರಿಯ ಆಚೆ ಈಚೆ ಇದ್ದುಕೊಂಡು ಇಬ್ಬರೂ ಒಬ್ಬರಿಗೊಬ್ಬರು ಕಾಣದವರಂತೆ ಬದುಕಿದರು. ಸಹಿಯ ವಿಷಯ ಎತ್ತಿದ್ದಕ್ಕೆ ಮ್ಯಾಲಕಿ, ಅವನ ಸಹಿಯಿಂದ ಬರುವ ಉಸಿರು ತನಗೆ ಬೇಡ ಎಂದು ಗೋಡೆಯ ಕಡೆ ಮುಖ ತಿರುಗಿಸಿದ.

ನಾನು ಅವನಿಗೆ ಹೇಳದೆ ಕಾಗದ ಹಿಡಿದುಕೊಂಡು ದಾರಿ ದಾಟಿದೆ. ಪ್ಯಾಡರ್ ಮದುವೆಯಾಗದ ಮನುಷ್ಯ, ಮಾತು ಕಡಿಮೆ. ಎರಡು ಪುಟವನ್ನೂ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, "ಅವ್ನೇ ಕಳಿಸಿದ್ನಾ?" ಎಂದ. ಇಲ್ಲವೆಂದೆ. "ಕಳಿಸಿದ್ರೆ ಹಾಕ್ತಿರ್ಲಿಲ್ಲ" ಎಂದು ಸಹಿ ಹಾಕಿಕೊಟ್ಟ.

ಮುಂದೆ ನಡೆದದ್ದರ ಪೂರ್ಣ ಶ್ರೇಯಸ್ಸು ತಮ್ಮ ವಿಭಾಗಕ್ಕೇ ಸಲ್ಲಬೇಕು. ಅಕ್ಟೋಬರ್ ಕೊನೆಯಲ್ಲಿ, ದನಗಳನ್ನು ಆಗಲೇ ಚಳಿಗಾಲಕ್ಕೆಂದು ಒಳಗೆ ಕಟ್ಟಿದ್ದ ಹೊತ್ತಿಗೆ, ಸ್ಥಳ ತಪಾಸಣೆಗೆ ಒಬ್ಬರು ಬಂದರು. ಜೋರು ಮಳೆ, ಅಂಗಳದ ತುಂಬ ಕೆಸರು, ಅವರ ಕಾಲಲ್ಲಿ ಹೊಸ ಬೂಟು. ಹೀಗಾಗಿ ಕಾರಿನಿಂದ ಇಳಿಯದೆ, ಗಾಜನ್ನು ನಾಲ್ಕು ಬೆರಳು ಇಳಿಸಿ, ಕಟ್ಟಡದೊಳಗೆ ಎಷ್ಟು ಜನ ವಾಸವಿದ್ದೀರಿ ಎಂದು ಕೇಳಿದರು. ಪ್ಯಾಡರ್ ಸುಳ್ಳಾಡುವವನಲ್ಲ. "ಒಳಗಾ? ಒಂಬತ್ತು. ಒಬ್ಳು ಇವತ್ತೋ ನಾಳೆಯೋ ಹೆರೋಳು" ಎಂದ. ಹೀಟರ್, ಬಿಸಿನೀರು ಇದೆಯೇ ಎಂದು ಕೇಳಿದ್ದಕ್ಕೆ, ಅಂಥದ್ದೇನೂ ಇಲ್ಲ, ನೆಲಕ್ಕೆ ಒಣಹುಲ್ಲು ಹಾಸಿದ್ದೇನೆ ಎಂದನಂತೆ. ತಪಾಸಕರ ಕಣ್ಣು ಒದ್ದೆಯಾಯಿತೆಂದು ಪ್ಯಾಡರ್ ಹೇಳುತ್ತಾನೆ. ಮಳೆಯ ಹನಿಯೂ ಇರಬಹುದು.

ಎರಡೇ ವಾರದಲ್ಲಿ ತಮ್ಮ ನಿರ್ಣಯ ಬಂತು. ವರ್ಗಾವಣೆ ಸಾಧ್ಯವಿಲ್ಲ. ಏಕೆಂದರೆ ಅನುಮತಿ ಪಡೆದ ಮನೆಯಲ್ಲಿ ಗರ್ಭಿಣಿಯೂ ಸೇರಿ ಒಂಬತ್ತು ಮಂದಿ ಕಡುಕಷ್ಟದಲ್ಲಿರುವುದು ದೃಢಪಟ್ಟಿದ್ದು, ಅವರನ್ನು ವಿಶೇಷ ಆದ್ಯತೆಯ ಕುಟುಂಬವೆಂದು ಪರಿಗಣಿಸಿ ಸಹಾಯಧನವನ್ನು ಹೆಚ್ಚಿಸಲಾಗಿದೆ. ಜೊತೆಗೆ, ಬಾಣಂತಿಯ ಆರೈಕೆಯ ಬಗ್ಗೆ ಬಣ್ಣದ ಚಿತ್ರಗಳಿದ್ದ ಒಂದು ಕೈಪಿಡಿ. ಮಾನ್ಯರೇ, ಆ ವೇಳೆಗೆ ಕೆಂಪು ಹಸು ಕರು ಹಾಕಿಯಾಗಿತ್ತು. ಕೈಪಿಡಿಯನ್ನು ಅದು ಒಂದು ಹಾಳೆಯೂ ಬಿಡದೆ ತಿಂದಿತು. ನಾನು ಮಾತ್ರ, ಸರ್ಕಾರಿ ಕಾಗದದಲ್ಲಿ ಸುಳ್ಳು ಉಳಿಯಬಾರದು ಎಂಬ ಹಳೆಯ ಅಭ್ಯಾಸದಿಂದ, ಆ ಒಂಬತ್ತೂ ಹಸುಗಳು ಎಂದು ಅಂದೇ ರಿಜಿಸ್ಟರ್ಡ್ ಅಂಚೆಯಲ್ಲಿ ತಮಗೆ ಬರೆದೆ. ಕುಟುಂಬದ ಸದಸ್ಯರ ಸಂಖ್ಯೆ ಕಡಿಮೆ ಮಾಡಬೇಕಾದರೆ ಆಯಾ ಸದಸ್ಯರೇ ಖುದ್ದಾಗಿ ಅರ್ಜಿ ಸಲ್ಲಿಸಬೇಕು ಎಂಬ ತಮ್ಮ ಉತ್ತರವನ್ನು ಕಟ್ಟುಹಾಕಿಸಿ ಗೋಡೆಗೆ ತೂಗುಹಾಕಿದ್ದೇನೆ.

ನವೆಂಬರ್ ಬಂದಿತ್ತು, ಗಾಳಿಯೂ ಏಳತೊಡಗಿತ್ತು. ನಮಗೆ ಸಹಾಯಧನದ ಆಸೆ ಮುಗಿದಿತ್ತು. ಉಳಿದದ್ದು ಸೊರಖಾ ಹೇಳಿದ ಒಂದು ದಾರಿ. ನಮ್ಮ ಮಾಡು ಉತ್ತರಕ್ಕೆ ವಾಲಿದೆ, ಕೊಟ್ಟಿಗೆಯ ಮಾಡು ನೇರ ದಕ್ಷಿಣಕ್ಕೆ, ನಮ್ಮಲ್ಲಿ ಬಿಸಿಲು ಬೀಳುವ ಕಡೆಗೆ. ಫಲಕ ಅಲ್ಲಿ, ಬ್ಯಾಟರಿ ಇಲ್ಲಿ, ದಾರಿಯಡಿ ಒಂದು ಕೇಬಲ್. ನಾನು ಮತ್ತೆ ಪ್ಯಾಡರ್‌ನ ಬಾಗಿಲಿಗೆ ಹೋದೆ. ಈ ಸಲ ಅವನು, "ಅಟ್ರಾಕ್ಟಾ, ಸಹಿ ಬೇರೆ, ಮಾಡು ಬೇರೆ. ಮಾಡು ಬೇಕಂದ್ರೆ ಅವ್ನೇ ಬಂದು ಕೇಳ್ಲಿ" ಎಂದ. ಮನೆಗೆ ಬಂದು ನಡೆದದ್ದನ್ನೆಲ್ಲ ಮ್ಯಾಲಕಿಗೆ ಹೇಳಿ, ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡುತ್ತ ತೊಳೆದೆ.

ಮೂರನೆಯ ದಿನ ಬೆಳಿಗ್ಗೆ ಮ್ಯಾಲಕಿ ತನ್ನ ಒಳ್ಳೆಯ ಕೋಟು ಕೇಳಿದ. ಗಾಲಿಯ ಮೇಲಿನ ಸಣ್ಣ ಸಿಲಿಂಡರನ್ನು ತಾನೇ ಎಳೆದುಕೊಂಡು, ನಾನು ಬರಕೂಡದೆಂದು ಹೇಳಿ, ಗೇಟು ದಾಟಿದ. ಐದು ಹೆಜ್ಜೆಗೆ ನಿಂತ. ಮತ್ತೆ ಮೂರು ಹೆಜ್ಜೆಗೆ ನಿಂತು ಮಂಡಿಗಳ ಮೇಲೆ ಕೈಯೂರಿದ. ಪ್ಯಾಡರ್ ತನ್ನ ಗೇಟಿನಲ್ಲಿ ನಿಂತು ಅಷ್ಟನ್ನೂ ನೋಡುತ್ತಿದ್ದ, ಮುಂದೆ ಬರಲಿಲ್ಲ. ಒಳಗೆ ಹೋಗಿಬಿಟ್ಟ. ನಾನು ಆ ಕ್ಷಣ ಅವನಿಗೆ ಬಯಸಿದ್ದನ್ನು ಇಲ್ಲಿ ಬರೆಯುವುದಿಲ್ಲ. ಮರುನಿಮಿಷ ಅವನು ಅಡುಗೆಮನೆಯ ಕುರ್ಚಿಯೊಂದನ್ನು ಹೊತ್ತು ತಂದು ನಡುದಾರಿಯಲ್ಲಿ, ಮ್ಯಾಲಕಿಯ ಬೆನ್ನಿಗೆ ಸರಿಯಾಗಿ ಇಟ್ಟ. ಮ್ಯಾಲಕಿ ಕೂತ. ಉಸಿರು ಸಿಕ್ಕಲು ತುಂಬ ಹೊತ್ತು ಹಿಡಿಯಿತು. ಹಾಲಿನ ಲಾರಿ ಬಂದು ಅವರ ಹಿಂದೆ ಸದ್ದಿಲ್ಲದೆ ನಿಂತುಕೊಂಡಿತು.

"ಇಂಜಿನ್‌ದು ತಪ್ಪು ನಂದೇ ಕಣೋ" ಎಂದ ಮ್ಯಾಲಕಿ. "ಒಂದು ನಟ್ಟು ಬಿಗಿದಿರ್ಲಿಲ್ಲ. ಅವತ್ತೇ ಗೊತ್ತಿತ್ತು ನಂಗೆ."

ಪ್ಯಾಡರ್ ತನ್ನ ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ನಾನೂ ಆಯಿಲ್ ನೋಡ್ದೆ ಓಡಿಸ್ದೆ" ಎಂದ. "ಏಳಬೇಡ, ಕೂತಿರು. ಟೀ ಇಲ್ಲಿಗೇ ತರ್ತೀನಿ."

ಮಾಡನ್ನು ಯಾರೂ ಕೇಳಲೂ ಇಲ್ಲ, ಯಾರೂ ಕೊಡಲೂ ಇಲ್ಲ. ಮರುದಿನ ಪ್ಯಾಡರ್ ದಾರಿಯಲ್ಲಿ ಕಾಲುವೆ ತೋಡುತ್ತಿದ್ದ. ಮ್ಯಾಲಕಿ ತನ್ನ ದೋಣಿ ಮಾರಿದ, ಪ್ಯಾಡರ್ ಎರಡು ಹೋರಿ ಮಾರಿದ, ನನ್ನ ಉಳಿತಾಯವೂ ಸೇರಿ ಕೆಲಸ ಮುಗಿಯಿತು. ತಮ್ಮ ಹೆಚ್ಚಿಸಿದ ಸಹಾಯಧನವನ್ನು ಹಸುಗಳು ನಿರಾಕರಿಸಿದವು.

ಈ ಜನವರಿಯಲ್ಲಿ ಮತ್ತೆ ಬಿರುಗಾಳಿ ಬಂದು ಊರಿನ ಕಂಬಗಳೆಲ್ಲ ಮಲಗಿದವು. ಯಂತ್ರ ಗುರುಗುಟ್ಟುತ್ತಲೇ ಇತ್ತು. ಟೀ ಕಾಯಿಸಲೂ ಆ ಬ್ಯಾಟರಿ ಮುಟ್ಟದೆ ಒಲೆಯಲ್ಲೇ ಕಾಯಿಸಿದೆವು. ಕರೆಂಟಿಲ್ಲದ ಮೂರು ದಿನವೂ ಪ್ಯಾಡರ್ ಬಂದು ಕೂತು ಇಸ್ಪೀಟಿನಲ್ಲಿ ಮೋಸ ಮಾಡಿದ, ಮ್ಯಾಲಕಿ ಅವನನ್ನು ಬಾಯಿತುಂಬ ಬೈದ. ಹತ್ತೊಂಬತ್ತು ವರ್ಷದ ಬಾಕಿ ಬೈಗುಳ ಮುಗಿಸಲು ಅವರಿಗೆ ಎಷ್ಟು ಕಾಲ ಬೇಕಾಗಿತ್ತೋ. ಏಪ್ರಿಲ್ ಒಂಬತ್ತರ ಮಧ್ಯಾಹ್ನ ನನ್ನ ತಮ್ಮ ತನ್ನ ಕುರ್ಚಿಯಲ್ಲೇ, ಕಿಟಕಿಯ ಪಕ್ಕ, ನಿದ್ದೆಯಲ್ಲಿ ತೀರಿಕೊಂಡ. ಆಗಲೂ ಯಂತ್ರ ನಡೆಯುತ್ತಿತ್ತು. ಅದನ್ನು ಆರಿಸಿದವಳು ನಾನು. ಬ್ಯಾಟರಿ ಬಂದ ಮೇಲೆ, ಅದಕ್ಕೆ ಮುಂಚೆ ಅದು ಒಮ್ಮೆಯೂ ನಿಂತಿರಲಿಲ್ಲ ಎಂಬುದನ್ನು ದಾಖಲಿಸಿಕೊಳ್ಳಬೇಕು.

ಆದ್ದರಿಂದ ಮಾನ್ಯರೇ, ತಮ್ಮ ಮೇಲೆ ನನಗೆ ದೂರಿಲ್ಲ. ಹತ್ತೊಂಬತ್ತು ವರ್ಷ ಪಾದ್ರಿಗಳು, ನೆಂಟರು, ನಾನು ಎಲ್ಲ ಸೇರಿ ಮಾಡಲಾಗದ್ದನ್ನು ತಾವು ಒಂದು ತಪ್ಪು ಸಂಕೇತದಿಂದ ಮಾಡಿ ತೋರಿಸಿದಿರಿ. ಕೆಲವು ವಿನಂತಿಗಳು ಮಾತ್ರ ಇವೆ. ಈ ಸೀಮೆಯಲ್ಲಿ ಮಾತು ಬಿಟ್ಟ ಮನೆಗಳು ಇನ್ನೂ ಹದಿನಾಲ್ಕು ಇವೆ. ಪಟ್ಟಿ ಲಗತ್ತಿಸಿದ್ದೇನೆ, ಅವರ ಸಹಾಯಧನವನ್ನೂ ದಯವಿಟ್ಟು ಅದಲುಬದಲು ಮಾಡಬೇಕು. ಕಷ್ಟದಲ್ಲಿರುವ ಕುಟುಂಬಗಳನ್ನು ಗುರುತಿಸುವ ತಮ್ಮ ಸಮಿತಿಗೆ ಕೆಂಪು ಹಸುವನ್ನು ನೇಮಿಸಿಕೊಳ್ಳಬೇಕು. ಅದು ಕಾಗದಗಳನ್ನು ಬೇಗ ವಿಲೇವಾರಿ ಮಾಡುತ್ತದೆ. ಸಾಧ್ಯವಾದರೆ ಬಿರುಗಾಳಿಗೂ ಒಂದು ಅರ್ಜಿ ನಮೂನೆ ಸಿದ್ಧಪಡಿಸಿ, ತಮ್ಮ ಅನುಮತಿ ಪತ್ರ ಕೈಸೇರುವ ಮೊದಲು ಬೀಸತೊಡಗಿದರೆ ಅದು ರದ್ದೆಂದು ಪ್ರಕಟಿಸಬೇಕು.

ಬೇಸರಿಸದೆ ಇಷ್ಟು ದೂರ ಓದಿದ್ದರೆ, ತಮ್ಮ ವಿಭಾಗದಲ್ಲಿ ನನ್ನ ಕಾಗದವನ್ನು ಓದಿದ ಮೊದಲಿಗರು ತಾವೆಂದು ಗೌರವಿಸುವ,

ತಮ್ಮ ವಿಶ್ವಾಸಿ,
ಅಟ್ರಾಕ್ಟಾ ಗೆರಟಿ

ಮರೆತ ಮಾತು: ಇದನ್ನು ಲಕೋಟೆಗೆ ಹಾಕುವಷ್ಟರಲ್ಲಿ ತಮ್ಮ ಹೊಸ ಪತ್ರ ಬಂತು. ರೋಗಿಯ ಪರಿಸ್ಥಿತಿಯನ್ನು ವಿಶೇಷವಾಗಿ ಪರಿಗಣಿಸಿ ನಮ್ಮ ಮನೆಗೇ ಸಹಾಯಧನ ಮಂಜೂರಾಗಿದೆ, ಇಪ್ಪತ್ತೊಂದು ದಿನಗಳೊಳಗೆ ಮ್ಯಾಲಕಿ ಗೆರಟಿಯವರು ತಪಾಸಕರ ಎದುರು ಖುದ್ದಾಗಿ ಸಹಿ ಹಾಕಬೇಕು ಎಂದಿದೆ. ಆಗಬಹುದು. ತಪಾಸಕರನ್ನು ಕಳುಹಿಸಿ. ಚರ್ಚಿನ ಹಿಂದೆ, ಸಮುದ್ರದ ಕಡೆಯಿಂದ ಎರಡನೆಯ ಸಾಲು. ಪ್ಯಾಡರ್ ಜೊತೆಗೆ ಬಂದು ತೋರಿಸುತ್ತಾನೆ. ಅಲ್ಲಿ ಅವರು ಕಾರಿನಿಂದ ಇಳಿಯಬೇಕಾಗುತ್ತದೆ.