ಹಳದಿ ಸಾಲಿನ ರೊಟ್ಟಿಗಳು

ಬಾಂದ್ರಾದ ಆ ಆಫೀಸಿನಲ್ಲಿ ಎಕ್ಸೆಲ್ ವಿದ್ಯೆಯಲ್ಲಿ ಮುರಿಗೆಪ್ಪನವರನ್ನು ಮೀರಿಸುವವರು ಇರಲಿಲ್ಲ. (ಇದನ್ನು ಅವರೇ ಹೇಳುತ್ತಿದ್ದರು, ಬೇರೆಯವರಿಗೆ ಹೇಳಲು ಅವಕಾಶ ಸಿಗುತ್ತಿರಲಿಲ್ಲ.) ಅವರ ಬ್ರಹ್ಮಾಸ್ತ್ರ ಹಳದಿ ಬಣ್ಣ. ಹಳದಿ ಬಳಿದ ಸಾಲು ಎಂದರೆ ಆಟಕ್ಕುಂಟು, ಲೆಕ್ಕಕ್ಕಿಲ್ಲ. ಕೂಡುವಾಗ ಅದನ್ನು ದಾಟಿ ಮುಂದೆ ಹೋಗುತ್ತಿದ್ದರು.

ಶುಕ್ರವಾರ ಮಗಳ ವಯಸ್ಸಿನ ಮ್ಯಾನೇಜರ್ ಶುಭಾಂಗಿ ಬಂದು, "ಮುರಿಗೆಪ್ಪಾಜೀ, ಎಕ್ಸೆಲ್ ಅಬ್ ಬಸ್! ಮಂಡೇ ಸೆ ಸಬ್ ಪೈಥಾನ್. ಪೆಹಲಾ ಡೆಮೊ ಆಪ್ ಕಾ," ಎಂದುಬಿಟ್ಟಳು. ಲೆಕ್ಕವೆಲ್ಲ ಇನ್ನು ಪ್ರೋಗ್ರಾಮ್ ಬರೆದೇ ಮಾಡಬೇಕು, ಸೋಮವಾರ ಮೊದಲು ಮಾಡಿ ತೋರಿಸಬೇಕಾದವರು ಇವರೇ! ಈ ವಯಸ್ಸಿನಲ್ಲಿ ಹುಡುಗರೆದುರು ಮಾನ ಹೋದರೆ? ದಹಿಸರ್‌ನ ಮನೆಗೆ ಮರಳುವಾಗ ಮುರಿಗೆಪ್ಪನವರು ಲೋಕಲ್ ರೈಲಿನಲ್ಲಿ ಸೀಟು ಖಾಲಿಯಾದರೂ ಕೂರುವುದನ್ನು ಮರೆತರು. (ಮುಂಬೈಯಲ್ಲಿ ಚಿಂತೆಗೆ ಇದಕ್ಕಿಂತ ದೊಡ್ಡ ಲಕ್ಷಣವಿಲ್ಲ.)

ತಾಲೀಮಿಗೆ ಸಾಮಗ್ರಿ ಮನೆಯಲ್ಲೇ ಇತ್ತು. ಹೆಂಡತಿ ಶರಣವ್ವ ಬಿಲ್ಡಿಂಗಿನವರಿಗೆಲ್ಲ ಬಿಸಿ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದರು. ಗಿರಾಕಿಗಳ ಹೆಸರು, ಯಾರಿಗೆಷ್ಟು ರೊಟ್ಟಿ ಎಂಬ ಲೆಕ್ಕ ಎಕ್ಸೆಲ್‌ನಲ್ಲಿದ್ದವು. ರವಿವಾರ ಏಕಾದಶಿಯೆಂದು ಉಪವಾಸದವರ ಸಾಲಿಗೆಲ್ಲ ಮುರಿಗೆಪ್ಪನವರೇ ಮೊದಲೇ ಹಳದಿ ಬಳಿದಿದ್ದರು. ಶನಿವಾರವಿಡೀ ಬೆವರು ಸುರಿಸಿದ ಮೇಲೆ, ರವಿವಾರ ಬೆಳಿಗ್ಗೆ ಪ್ರೋಗ್ರಾಮ್ ಕೊನೆಗೂ ಬಾಯಿಬಿಟ್ಟು ಒಂದು ಸಂಖ್ಯೆ ಹೇಳಿತು.

"ಎಪ್ಪಾ, ಇಷ್ಟ ರೊಟ್ಟಿ?" ಶರಣವ್ವ ಹೌಹಾರಿದರು. "ಇವತ್ತ ಏಕಾದಶಿ ಅಲ್ಲೇನ್ರೀ? ಮುಕ್ಕಾಲ ಬಿಲ್ಡಿಂಗ್ ಉಪಾಸ ಇರ್ತೈತಿ."

"ನಿನ್ನ ಅಂದಾಜ ಬ್ಯಾರೆ, ಡೇಟಾ ಬ್ಯಾರೆ. ಉಪಾಸದವ್ರನ್ನ ಬಿಟ್ಟ ಕೂಡೇತಿ, ಮಷೀನ್ ಸುಳ್ಳ ಹೇಳಂಗಿಲ್ಲ. ಸುಮ್ನ ಬಡಿ."

"ಬಡೀತೀನಿ. ಆಮ್ಯಾಲ ನನ್ನ ಅನ್ನಬ್ಯಾಡ್ರಿ."

ಮಧ್ಯಾಹ್ನ ಮುರಿಗೆಪ್ಪನವರೇ ಡಬ್ಬಿ ಹೊತ್ತು ಮನೆಮನೆಯ ಬೆಲ್ ಒತ್ತಿದರು. ಹೆಚ್ಚಿನ ಬಾಗಿಲು ತೆರೆದರೆ ಉಪವಾಸದ ಸಾಬೂದಾನಿ ಖಿಚಡಿಯ ಘಮ, ಜೊತೆಗೆ "ಆಜ್ ಏಕಾದಶೀ ಹೈ ನಾ, ಅಂಕಲ್!" ಎಂಬ ಕನಿಕರ. ಹೊತ್ತೊಯ್ದ ರೊಟ್ಟಿಯಲ್ಲಿ ಮುಕ್ಕಾಲು ಪಾಲು ಹೊತ್ತು ತಂದರು.

ಕಂಪ್ಯೂಟರ್ ತೆರೆದು ನೋಡಿದರೆ ಹಳದಿ ಬಳಿದದ್ದು ಬಳಿದ ಹಾಗೇ ಇದೆ. ಪ್ರೋಗ್ರಾಮು ಅಕ್ಷರ, ಅಂಕಿ ಓದಿದೆ. ಬಣ್ಣ ಅದರ ಕಣ್ಣಿಗೇ ಬಿದ್ದಿಲ್ಲ! ಮರುಕ್ಷಣವೇ ನೆನಪಾಯಿತು, ನಾಳೆ ತೋರಿಸಬೇಕಾದ ಆಫೀಸಿನ ಫೈಲಿನಲ್ಲೂ ಹಳದಿಯೇ ಹಳದಿ! ಊಟ ಬಿಟ್ಟು ಕೂತು, ಹಳದಿ ಇದ್ದ ಕಡೆಯಲ್ಲೆಲ್ಲ ಪಕ್ಕದ ಕಾಲಂನಲ್ಲಿ 'ಬೇಡ' ಎಂದು ಬರೆದರು, 'ಬೇಡ' ಎಂದದ್ದನ್ನು ಬಿಟ್ಟು ಕೂಡಲು ಪ್ರೋಗ್ರಾಮಿಗೆ ಕಲಿಸಿದರು.

ಸೋಮವಾರ ಡೆಮೊ ಗೆದ್ದಿತು. "ಕಲರ್ ವಾಲಾ ಪ್ರಾಬ್ಲಂ ಕೈಸೆ ಪಕಡಾ?" ಎಂದು, ಬಣ್ಣದ ತೊಡಕನ್ನು ಅವರು ಹಿಡಿದ ಬಗೆಗೆ ಶುಭಾಂಗಿ ಬೆರಗಾದಳು.

"ರಿಸರ್ಚ್," ಎಂದರು ಮುರಿಗೆಪ್ಪನವರು, ಗಂಭೀರವಾಗಿ.

ಸಂಜೆ ಎದೆಯುಬ್ಬಿಸಿಕೊಂಡು ಸೀದಾ ಅಡಿಗೆಮನೆಗೇ ನುಗ್ಗಿದರು. "ಇನ್ನ ಮ್ಯಾಲ ನಿನ್ನ ರೊಟ್ಟಿ ಧಂದೆ ಪೂರಾ ನನ್ನ ಪ್ರೋಗ್ರಾಮೇ ನೋಡ್ಕೊಳ್ತೈತಿ!"

ಒಗ್ಗರಣೆಗೆ ನಿಂತಿದ್ದ ಶರಣವ್ವ ಅರಿಶಿನದ ಡಬ್ಬಿಗೆ ಬೆರಳದ್ದಿ, ಗಂಡನ ಹಣೆಯ ಮೇಲೆ ವಿಭೂತಿಯ ಕೆಳಗೆ ಅಡ್ಡಕ್ಕೆ ಒಂದು ಗೆರೆ ಎಳೆದರು.

"ಏನಿದು?"

"ರೊಟ್ಟಿ ಲೆಕ್ಕ ಇನ್ನ ನಂದು. ನಿಮಗ ಹಳದಿ ಹಚ್ಚೀನಿ," ಎನ್ನುತ್ತ, ಒಣಗಿ ಕಟಕಟಿಯಾಗಿದ್ದ ನಿನ್ನೆಯ ರೊಟ್ಟಿಯ ಗೋಪುರವನ್ನು ಅವರ ಮುಂದೆ ಸರಿಸಿದರು. "ಊಟಕ್ಕ ಅದೀರಿ, ಲೆಕ್ಕಕ್ಕಿಲ್ಲ. ತಿನ್ರಿ."