ಕಾಕಿ ಬುಕಿತ್‌ನಲ್ಲಿ ಕಟ್ಟಿದ ಇಂಗ್ಲಿಷ್ ಹಳ್ಳಿ

ಕಣ್ಣಾರೆ ನೋಡದ ಊರುಗಳನ್ನು ಕಟ್ಟುವುದೇ ಹೊಟ್ಟೆಪಾಡಾದರೆ ಎಡವಟ್ಟುಗಳಿಗೆ ಬರ ಇರುವುದಿಲ್ಲ.

ಸಿಂಗಪುರದ ಕಾಕಿ ಬುಕಿತ್‌ನ ಗೋದಾಮೊಂದರಲ್ಲಿ ನಾವು ಊರು, ಕಟ್ಟಡಗಳ ಪುಟ್ಟ ಮಾದರಿ ಮಾಡುತ್ತೇವೆ. ಹೋದ ವರ್ಷ ಇಂಗ್ಲೆಂಡಿನ ಒಂದು ಸಣ್ಣ ಹಳ್ಳಿಯಿಂದ ಆರ್ಡರ್ ಬಂತು. ಅಲ್ಲಿ ಉಳಿದಿದ್ದ ಒಂದೇ ಅಂಗಡಿ ಮುಚ್ಚುವ ಹಂತದಲ್ಲಿತ್ತು. ಊರಿನ ಮಾದರಿಯನ್ನು ಅಂಗಡಿ ಪಕ್ಕದ ಹಳೇ ಶಾಲೆಯಲ್ಲಿಟ್ಟರೆ ನೋಡೋಕೆ ನಾಲ್ಕು ಜನ ಬಂದಾರು, ವ್ಯಾಪಾರ ಆದೀತು ಅಂತ ಅವರ ಆಸೆ. ವಿಡಿಯೊ ಕಾಲ್‌ನಲ್ಲಿ ವಿವರ ಕೊಡುತ್ತಿದ್ದವರು ಅಲ್ಲಿಯ ಒಬ್ಬ ರಿಟೈರ್ಡ್ ಟೀಚರಮ್ಮ. ನನ್ನ ಜೊತೆ ಕೆಲಸಕ್ಕಿದ್ದವಳು ಸಿಂಗಪುರದಲ್ಲೇ ಬೆಳೆದ ಕನ್ನಡದ ಹುಡುಗಿ; ಇಲ್ಲಿಯವರ ಹಾಗೆ ಮಾತಿನ ಕೊನೆಗೊಂದು ‘ಲಾ’ ಸೇರಿಸುವವಳು.

ಬೆಟ್ಟ

ಬೆಟ್ಟವನ್ನು ಚಿಕ್ಕದು ಮಾಡಬೇಡಿ, ಊರಿಗೆಲ್ಲ ಅದೇ ಕಳಸ, ಹತ್ತಿದರೆ ಏದುಸಿರು ಬರುತ್ತದೆ ಅಂತ ಟೀಚರಮ್ಮ ಮೊದಲೇ ಎಚ್ಚರಿಸಿದ್ದರು. ನಾನು ಮೈಸೂರಿನವಳು. ಚಾಮುಂಡಿ ಬೆಟ್ಟ ನೆನೆಸಿಕೊಂಡು ಧಾರಾಳವಾಗಿ ಥರ್ಮಾಕೋಲ್ ಕತ್ತರಿಸಿದೆ. ಸಂಜೆ ಬೆಟ್ಟದ ನಿಜವಾದ ಅಳತೆ ಬಂತು. ಹುಡುಗಿ ಲೆಕ್ಕ ಹಾಕಿ ನೋಡಿದಳು.

"ಆಂಟಿ, ಸೆಂಗ್‌ಕಾಂಗ್‌ನಲ್ಲಿ ನಿಮ್ಮ ಹದಿನೈದನೇ ಮಹಡಿ ಕಿಟಕಿಯಾಚೆ ನೀವು ಬಟ್ಟೆ ಒಣಗಿಸೋ ಬಿದಿರುಕೋಲು ಇದಕ್ಕಿಂತ ಎತ್ತರದಲ್ಲಿದೆ ಲಾ."

ಹೊಸ ಬೀದಿ

ಚರ್ಚಿನ ಮುಂದಿನ ರಸ್ತೆಯ ಹೆಸರು ನ್ಯೂ ಸ್ಟ್ರೀಟ್. ಹುಡುಗಿ ಮಿರಮಿರ ಮಿಂಚುವ ಟಾರು ಬಳಿದು, ನಡುವೆ ಬಿಳಿ ಗೆರೆ ಎಳೆದಳು. ಟೀಚರಮ್ಮ ಕನ್ನಡಕ ಏರಿಸಿ ನೋಡಿ, ಅದು ಕುದುರೆಗಾಡಿ ಕಾಲದ ಕಲ್ಲುಹಾಸಿನ ಬೀದಿ ಅಂದರು. ಮತ್ತೆ ಹೊಸದು ಅನ್ನೋದು ಯಾಕೆ? ಅದಕ್ಕೂ ಹಿಂದಿನದು ನೆರೆಯಲ್ಲಿ ಕೊಚ್ಚಿಹೋಗಿತ್ತಂತೆ, ಎಷ್ಟೋ ರಾಜರ ಕಾಲದ ಹಿಂದೆ. ಈಗಲಾದರೂ ಬೇರೆ ಹೆಸರು ಇಡಬಹುದಲ್ಲ ಅಂದೆ.

ಅವರು ಗಂಭೀರವಾಗಿ, "ಊರ ಸಭೆಯಲ್ಲಿ ಆ ಚರ್ಚೆ ಇನ್ನೂ ಮುಗಿದಿಲ್ಲ" ಅಂದರು.

ಕ್ಯೂ

ಕೊನೆಗೆ ಮನುಷ್ಯರನ್ನು ಅಂಟಿಸುವ ಕೆಲಸ. ಇಂಗ್ಲಿಷ್ ಗೊಂಬೆಗಳು ಬರುವುದು ತಡವಾಯಿತು. ಸ್ಟಾಕ್‌ನಲ್ಲಿದ್ದದ್ದು ಇಲ್ಲಿಯ ಹಾಕರ್ ಸೆಂಟರ್, ಅಂದರೆ ಊಟದಂಗಡಿಗಳ ಸಂಕೀರ್ಣದ ಮಾದರಿಗೆ ಮಾಡಿದ್ದ, ಊಟಕ್ಕೆ ನಿಂತವರ ಸಾಲು: ಬನಿಯನ್ ಹಾಕಿದ ಅಂಕಲ್‌ಗಳು, ಕೊಡೆ ಹಿಡಿದ ಆಂಟಿಯರು. ಹುಡುಗಿ ಅವರನ್ನೇ ಮಾದರಿಯಲ್ಲಿನ ಆ ಒಂದೇ ಅಂಗಡಿ ಮುಂದೆ ಉದ್ದಕ್ಕೂ ನಿಲ್ಲಿಸಿಬಿಟ್ಟಳು.

ಟೀಚರಮ್ಮ ಸ್ಕ್ರೀನಿಗೆ ಮೂಗು ತಾಗಿಸಿ ಒಬ್ಬೊಬ್ಬರನ್ನೇ ಎಣಿಸಿದರು. ಆರ್ಡರ್ ಕೈತಪ್ಪಿತು ಅಂದುಕೊಂಡೆ. ಆಮೇಲೆ, ಇವರೆಲ್ಲ ಯಾತಕ್ಕೆ ನಿಂತಿದ್ದಾರೆ ಅಂತ ಕೇಳಿದರು. ನಮ್ಮಲ್ಲಿ ಮೊದಲು ಕ್ಯೂ ನಿಲ್ತಾರೆ, ಯಾತಕ್ಕೆ ಅಂತ ಆಮೇಲೆ ಕೇಳ್ತಾರೆ ಅಂತ ಇದ್ದದ್ದು ಇದ್ದ ಹಾಗೆ ಹೇಳಿದೆ.

"ಯಾರನ್ನೂ ಕೀಳಬೇಡಿ. ಆ ಬಾಗಿಲಲ್ಲಿ ಇಷ್ಟು ಜನರನ್ನ ನೋಡಿ ಎಷ್ಟು ವರ್ಷ ಆಯ್ತೋ" ಅಂದರು.

ಪ್ರದರ್ಶನ ಶುರುವಾದ ಭಾನುವಾರ ಅವರೇ ಫೋನ್ ಮಾಡಿದರು. ಪಕ್ಕದೂರುಗಳಿಂದ ಬಂದವರು ಮಾದರಿಯಲ್ಲಿನ ಕ್ಯೂ ನೋಡಿ, ಈ ಅಂಗಡಿಯಲ್ಲಿ ಏನೋ ವಿಶೇಷ ಇರಬೇಕು ಅಂತ ಹೋಗಿ ನಿಂತರಂತೆ. ಇದ್ದದ್ದು ಬ್ರೆಡ್ಡು, ಜಾಮು ಮಾತ್ರ. ಮಧ್ಯಾಹ್ನಕ್ಕೆ ಅದೂ ಖಾಲಿ.

ಫೋನು ಅಂಗಡಿಯವನ ಕೈಗೆ ಹೋಯಿತು. ಥ್ಯಾಂಕ್ಸ್ ಹೇಳುತ್ತಾನೆ ಅಂದುಕೊಂಡೆ.

ಅವನು ದನಿ ತಗ್ಗಿಸಿ, "ಮೇಡಂ, ಇನ್ನೊಂದು ಹತ್ತು ಜನರನ್ನ ಕಳಿಸ್ತೀರಾ? ಅಂಟು ನನ್ನ ಹತ್ತಿರಾನೇ ಇದೆ" ಅಂದ.