ವರನಿಗೆ ‘ಆಹ’ ಸೇರಿದಾಗ

ಗೂಢ ಪದಬಂಧ ಬಿಡಿಸುವುದರಲ್ಲಿ ಗುಂಡ್ಲುಪೇಟೆ ತಾಲ್ಲೂಕಿನಲ್ಲೇ ನನಗೆ ಸಮಾನರಿಲ್ಲ ಎಂದು ನಾನು ಬಲವಾಗಿ ನಂಬಿದ್ದೆ. ಆ ನಂಬಿಕೆ ತಪ್ಪೇನೂ ಅಲ್ಲ. ತಾಲ್ಲೂಕಿನಲ್ಲಿ ಬೇರೆ ಯಾರೂ ಅದನ್ನು ಬಿಡಿಸುತ್ತಿರಲಿಲ್ಲ!

ಐವತ್ತರ ದಶಕದ ಮಾತು. ಬಸ್ಸಿನ ಮೂತಿಗೆ ಹ್ಯಾಂಡಲ್ ತುರುಕಿ ತಿರುಗಿಸಿ ಎಂಜಿನ್ ಎಬ್ಬಿಸುತ್ತಿದ್ದ ಕಾಲ. ನಾನಾಗ ಮಿಡ್ಲ್ ಸ್ಕೂಲ್ ಮೇಷ್ಟ್ರು. ಮೈಸೂರಿನಿಂದ ಬರುತ್ತಿದ್ದ ಒಂದು ಮಾಸಪತ್ರಿಕೆಯ ಕೊನೆಯ ಪುಟದಲ್ಲಿ ಈ ಗೂಢ ಪದಬಂಧ ಇರುತ್ತಿತ್ತು. ಸಾಮಾನ್ಯ ಪದಬಂಧವಾದರೆ ‘ಕಣ್ಣು, ಮೂರು ಮನೆ’ ಎಂದು ನೇರವಾಗಿ ಕೇಳುತ್ತದೆ. ಒಂದು ಮನೆಗೆ ಒಂದು ಅಕ್ಷರ, ತುಂಬಿದರೆ ಮುಗಿಯಿತು. ಇದು ಹಾಗಲ್ಲ. ‘ಹಿಂದೆ ಮುಂದೆ ನೋಡಿದರೂ ಕಣ್ಣು’ ಎನ್ನುತ್ತದೆ. ನೀವು ತಲೆ ಕೆರೆದುಕೊಂಡು, ಊಟ ಬಿಟ್ಟು, ಹೆಂಡತಿಯ ಕೈಲಿ ಬೈಸಿಕೊಂಡು, ಕೊನೆಗೆ ‘ನಯನ’ ಎಂದು ಕೂಗಬೇಕು. ಸಾಲದ್ದಕ್ಕೆ ಆ ತಿಂಗಳು ವಿಶೇಷಾಂಕ. ನಕ್ಷತ್ರ ಹಾಕಿದ ಉತ್ತರಗಳೆಲ್ಲ ಒಂದೇ ವಿಷಯಕ್ಕೆ ಸೇರಿದವು, ಆ ವಿಷಯ ಯಾವುದೆಂದು ನೀವೇ ಕಂಡುಹಿಡಿಯಿರಿ ಎಂದು ಸಂಪಾದಕರು ಸವಾಲು ಹಾಕಿದ್ದರು.

ಈ ಯಜ್ಞದಲ್ಲಿ ನನಗೆ ಪಾಲುದಾರ ಚಾಮರಾಜನಗರದ ನಂಜುಂಡಯ್ಯ. ಅಲ್ಲಿನ ಒಂದು ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ನನ್ನ ಹಳೆಯ ಸ್ನೇಹಿತ. ಉತ್ತರಗಳ ವಿನಿಮಯಕ್ಕೆ ನಮ್ಮ ಅಂಚೆಯೆಂದರೆ ಬಸ್ ಕಂಡಕ್ಟರ್ ಚಿನ್ನಸ್ವಾಮಿಯ ಬಾಯಿ. ಅವನ ಬಸ್ಸು ದಿನವೂ ಗುಂಡ್ಲುಪೇಟೆಯಿಂದ ತೆರಕಣಾಂಬಿ ದಾಟಿ ಚಾಮರಾಜನಗರಕ್ಕೆ ಹೋಗುತ್ತಿತ್ತು.

ಅದೇ ಸಮಯದಲ್ಲಿ ಮನೆಯಲ್ಲಿ ಇನ್ನೊಂದು ಯಜ್ಞ ನಡೆದಿತ್ತು. ನನ್ನ ಹೆಂಡತಿ ಗೌರಮ್ಮನ ತಂಗಿ ದೇವಮ್ಮಣ್ಣಿ ನಮ್ಮ ಮನೆಯಲ್ಲೇ ಬೆಳೆದವಳು. ಅವಳಿಗೆ ತೆರಕಣಾಂಬಿಯ ಅರಿಶಿನದ ವ್ಯಾಪಾರಿ ಗುರುಮಲ್ಲಪ್ಪನವರ ಮಗ ಮಹದೇವಸ್ವಾಮಿಯ ಸಂಬಂಧ ಬಂದಿತ್ತು. ಒಳ್ಳೆಯ ಮನೆತನ, ಒಳ್ಳೆಯ ಹುಡುಗ. ದೇವಮ್ಮಣ್ಣಿ ಬಾಯಿಬಿಟ್ಟು ಏನೂ ಹೇಳದಿದ್ದರೂ, ತೆರಕಣಾಂಬಿ ಎಂದರೆ ಸಾಕು, ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು.

ಆ ಬೆಳಿಗ್ಗೆ ಗೌರಮ್ಮ ಹೇಳಿದಳು: “ಶುಕ್ರವಾರ ಹೆಣ್ಣು ನೋಡಕ್ಕೆ ಬರ್ಬೇಕು ಅಂತ ಗುರುಮಲ್ಲಪ್ಪನೋರ್ಗೆ ಹೇಳಿ ಕಳ್ಸಿ. ಮರೆತುಬುಟ್ಟೀರಾ!”

“ನಾನು ಮರೆಯೋನೇನೇ?” ಎಂದು ಹೊರಟೆ.

ದಾರಿಯಲ್ಲಿ ದೇವರು ನನಗೆ ಜ್ಞಾನೋದಯ ಮಾಡಿಸಿದ! ‘ವರನನ್ನು ಕಂಡು ಆಹ ಎಂದರೆ ಹಂದಿ’ ಎಂಬ ಸುಳಿವು ವಾರದಿಂದ ನನ್ನನ್ನು ಕಾಡುತ್ತಿತ್ತು. ವರ, ಆಹ. ಸೇರಿಸಿದರೆ ವರಾಹ! ಸವರ್ಣದೀರ್ಘ ಸಂಧಿ! ಮಕ್ಕಳಿಗೆ ಕಿವಿ ಹಿಂಡಿ ಕಲಿಸುವ ಪಾಠ ನನಗೇ ಹೊಳೆದಿರಲಿಲ್ಲ. ವರಾಹ ಬಂದ ಮೇಲೆ ವಿಷಯ ದಶಾವತಾರವಲ್ಲದೆ ಇನ್ನೇನು? ಓಡಿದೆ. ಬಸ್ಸು ಆಗಲೇ ಹೊರಟಿತ್ತು.

“ಚಿನ್ನಸ್ವಾಮಿ! ಎರಡು ವಿಷಯ! ಶುಕ್ರವಾರ ಹೆಣ್ಣು ನೋಡಕ್ಕೆ ಬನ್ನಿ ಅನ್ನು. ಇನ್ನೊಂದು, ವರ ಹಂದಿ, ಅನುಮಾನವೇ ಇಲ್ಲ ಅನ್ನು. ಒಂದು ಗುರುಮಲ್ಲಪ್ಪನವರಿಗೆ, ಒಂದು ನಂಜುಂಡಯ್ಯನಿಗೆ!”

“ಆಯ್ತು ಬುಡಿ ಮೇಷ್ಟ್ರೇ!” ಎಂದು ಅವನು ಸೀಟಿ ಊದಿದ.

ಯಾವುದು ಯಾರಿಗೆ ಎಂದು ನಾನು ಹೇಳಲಿಲ್ಲ. ಹೇಳಬೇಕೆಂದು ಹೊಳೆಯಲೂ ಇಲ್ಲ!

ಶುಕ್ರವಾರ ಬಂತು. ಗೌರಮ್ಮ ಕೇಸರಿಬಾತು ಮಾಡಿದಳು. ದೇವಮ್ಮಣ್ಣಿ ಹಸಿರು ಸೀರೆ ಉಟ್ಟು, ಮಲ್ಲಿಗೆ ಮುಡಿದು ಒಳಕೋಣೆಯಲ್ಲಿ ಕುಳಿತಳು. ಮಧ್ಯಾಹ್ನ ಕಳೆಯಿತು. ತೆರಕಣಾಂಬಿಯವರ ಸುಳಿವಿಲ್ಲ. ಕೊನೆಗೆ ಬಾಗಿಲಲ್ಲಿ ಚಪ್ಪಲಿ ಸದ್ದಾಯಿತು. ಎಲ್ಲರೂ ಎದ್ದು ನಿಂತೆವು.

ಒಳಗೆ ಬಂದವನು ನಂಜುಂಡಯ್ಯ!

“ನಿನ್ನ ಸುಳಿವು ಬಿಡಿಸ್ಬುಟ್ಟೆ ಕಣಯ್ಯಾ!” ಎಂದು ಅಲ್ಲಿಂದಲೇ ಕೂಗಿದ. “ಶುಕ್ರ ಅಂದ್ರೆ ಶುಕ್ರಾಚಾರ್ಯ. ಅವನ ಕಣ್ಣು ಹೋದದ್ದು ವಾಮನನಿಂದ. ಹೆಣ್ಣು ನೋಡಿ ಅಂದ್ರೆ ಮೋಹಿನಿ. ಆದ್ರೆ ಮೋಹಿನಿ ಹತ್ತು ಅವತಾರದಲ್ಲಿ ಬರಲ್ವಲ್ಲ? ಅದೊಂದು ಕೇಳಿಕೊಂಡು ಹೋಗನ ಅಂತ ಬಸ್ ಹತ್ತಿದೆ.”

ಹೆಣ್ಣು ನೋಡುವ ಆಹ್ವಾನ ಇವನಿಗೆ ಹೋಗಿದೆ. ಹಾಗಾದರೆ ತೆರಕಣಾಂಬಿಗೆ ಹೋದದ್ದು?

ಹಂದಿ!

ಗೌರಮ್ಮನಿಗೆ ವಿಷಯ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಒಳಕೋಣೆಯ ಕಡೆ ಒಮ್ಮೆ ನೋಡಿದಳು. ದೇವಮ್ಮಣ್ಣಿ ಮುಡಿಯಿಂದ ಮಲ್ಲಿಗೆ ತೆಗೆದು ತಟ್ಟೆಯಲ್ಲಿಡುತ್ತಿದ್ದಳು.

“ಈಗ್ಲೇ ಹೋಗಿ,” ಎಂದಳು ಗೌರಮ್ಮ. “ಕೈ ಮುಗುದು ತಪ್ಪಾಯ್ತು ಅನ್ನಿ. ಅದಕ್ಕಿಂತ ಒಂದ್ ಮಾತು ಜಾಸ್ತಿ ಆಡ್ಬೇಡಿ.”

ನಾನು ಸಾಕ್ಷಿಗೆಂದು ಮಾಸಪತ್ರಿಕೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟೆ. ಅಲ್ಲೇ ಕೆಟ್ಟಿತು.

ಗುರುಮಲ್ಲಪ್ಪನವರು ಜಗಲಿಯ ಮೇಲೆ ಕುಳಿತಿದ್ದರು. ದೊಡ್ಡ ಪೇಟ, ದೊಡ್ಡ ಮೀಸೆ, ದೊಡ್ಡ ದನಿ. ಆಳು ಮಾತ್ರ ನನ್ನ ಭುಜದವರೆಗೂ ಬರುತ್ತಿರಲಿಲ್ಲ. ಮಗ ಮಹದೇವಸ್ವಾಮಿ ಕಂಬಕ್ಕೆ ಒರಗಿ ನಿಂತಿದ್ದ.

“ಬನ್ನಿ ಮೇಷ್ಟ್ರೇ,” ಎಂದರು ಗುರುಮಲ್ಲಪ್ಪನವರು. “ಹಂದಿ ಮನೆ ತಂಕ ದಯ ಮಾಡ್ಸುದ್ರಲ್ಲ, ಸಂತೋಷ! ಬಸ್ ಸ್ಟ್ಯಾಂಡಲ್ಲಿ ಊರೋರ ಮುಂದೆ ಕೂಗಿ ಹೇಳ್ದ ಆ ಕಂಡಕ್ಟ್ರು. ವರ ಹಂದಿ, ಅನುಮಾನವೇ ಇಲ್ಲ ಅಂತ!”

ಕೈ ಮುಗಿದೆ. “ತಪ್ಪಾಯ್ತು” ಎಂದೆ. ಇಲ್ಲಿಗೆ ನಿಲ್ಲಿಸಿದ್ದರೆ ನಾನು ಬುದ್ಧಿವಂತ. ಆದರೆ ನಾನು ಮೇಷ್ಟ್ರು. ವಿವರಿಸದೆ ಬಿಡುವ ಜಾತಿಯಲ್ಲ!

“ಅದು ನಿಮ್ಮ ಮಗನ ಮಾತಲ್ಲ ಯಜಮಾನ್ರೇ. ನಿಮಗೆ ಹೇಳಿ ಕಳಿಸಿದ್ದು ಇವತ್ತು ಹೆಣ್ಣು ನೋಡಕ್ಕೆ ಬನ್ನಿ ಅಂತ, ಕಂಡಕ್ಟರ್ ಅದಲುಬದಲು ಮಾಡಿದ. ಪದಬಂಧ. ವರ ಮತ್ತು ಆಹ ಸೇರಿದರೆ ವರಾಹ. ಸಂಧಿ ಕಾರ್ಯ.”

“ಸಂಬಂಧ ಮಾಡಕ್ಕೆ ಬಂದೋರು ಸಂಧಿ ಮಾಡ್ಬುಟ್ರಾ?”

ಪತ್ರಿಕೆ ತೆರೆದು ಚೌಕಗಳನ್ನು ತೋರಿಸಿದೆ. ಅವರು ಮೂಗಿನ ಹತ್ತಿರ ಹಿಡಿದು ನೋಡಿದರು. “ನಾವು ಶಿವನ ಒಕ್ಲು. ಈ ಹತ್ತು ಅವತಾರ ನಮಗ್ಯಾಕೆ? ಆಗ್ಲಿ, ಇನ್ನೊಂದು ಓದಿ. ಬರೀ ಬೈಗಳೇ ಇದ್ದಾವೋ ಏನೋ ನೋಡ್ಬುಡನ.”

ಅವರ ಕೋಪ ಇಳಿಯುತ್ತಿದೆ ಎಂಬ ಉತ್ಸಾಹದಲ್ಲಿ ಕಣ್ಣಿಗೆ ಬಿದ್ದ ಮುಂದಿನ ಸುಳಿವನ್ನು ಗಟ್ಟಿಯಾಗಿ ಓದಿಯೇ ಬಿಟ್ಟೆ:

“ಮಾವನ ತಲೆ ಕೆಟ್ಟು ಕುಳ್ಳನಾದ!”

ಮಾವನಾಗಬೇಕಾದವರು ಮೆಲ್ಲಗೆ ಎದ್ದು ನಿಂತರು. ನಿಂತಾಗ ಸುಳಿವಿನ ಅರ್ಥ ಇನ್ನಷ್ಟು ಸ್ಪಷ್ಟವಾಯಿತು.

ಭೂಮಿ ಬಾಯಿ ಬಿಡಬಾರದೇ ಎಂದುಕೊಳ್ಳುವಷ್ಟರಲ್ಲಿ ಬಾಗಿಲ ಹಿಂದಿನಿಂದ ಒಂದು ನಗು ಸಿಡಿಯಿತು. ಗುರುಮಲ್ಲಪ್ಪನವರ ಹೆಂಡತಿ ಮಾದಮ್ಮನವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ತಡೆಯಲಾಗದೆ ಹೊರಗೆ ಬಂದರು.

“ಅಯ್ಯೋ ಶಿವನೇ! ನಮ್ ಯಜಮಾನ್ರನ್ನ ಮೈಸೂರಲ್ಲಿ ಅಚ್ಚು ಹಾಕ್ಬುಟ್ಟವ್ರಲ್ಲಪ್ಪಾ!”

ಮಹದೇವಸ್ವಾಮಿ ಕಂಬದ ಆಚೆ ತಿರುಗಿಕೊಂಡ. ಅವನ ಬೆನ್ನು ಕುಲುಕುತ್ತಿತ್ತು. ಸ್ವಲ್ಪ ಸುಧಾರಿಸಿಕೊಂಡು, “ಅಪ್ಪಾಜಿ, ನನ್ನ ಹಂದಿ ಅಂದದ್ದಕ್ಕೆ ನಂಗೇ ಬೇಜಾರಿಲ್ಲ,” ಎಂದ. ನಂತರ ದನಿ ತಗ್ಗಿಸಿ, “ಅಲ್ಲಿ ಅವರು ಕಾಯ್ತಾ ಕೂತಿದ್ದಿರ್ಬೇಕು,” ಎಂದ. ಅವನ ಕಿವಿ ಕೆಂಪಾಯಿತು.

ಗುರುಮಲ್ಲಪ್ಪನವರು ಮಗನನ್ನು ನೋಡಿದರು, ಹೆಂಡತಿಯನ್ನು ನೋಡಿದರು, ಪತ್ರಿಕೆಯನ್ನು ನೋಡಿದರು.

“ಎಂಗೆ?” ಎಂದರು.

“ಯಾವುದು?”

“ಮಾವ ಎಂಗೆ ಕುಳ್ಳ ಆದ?”

ನಾನು ಜಗಲಿಯ ಮೇಲೆ ಅರಿಶಿನದ ಕೊಂಬಿನಿಂದ ‘ಮಾವನ’ ಎಂದು ಬರೆದೆ. ‘ಮ’ ಮತ್ತು ‘ವ’ ಜಾಗ ಬದಲಿಸಿದವು, ದೀರ್ಘ ಮಾತ್ರ ಮೊದಲಲ್ಲೇ ಉಳಿಯಿತು. ‘ವಾಮನ’. ಅವರು ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ಅದನ್ನೇ ದಿಟ್ಟಿಸಿದರು. ಮೀಸೆಯ ತುದಿ ಅಲುಗಿತು.

“ಬಡ್ಡೀಮಗ, ಚೆನ್ನಾಗಿ ಕಟ್ಟವ್ನೆ!” ಎಂದರು. “ಸೋಮವಾರ ಬತ್ತೀವಿ ಹೋಗಿ. ಈ ಪುಸ್ತಕ ಇಲ್ಲೇ ಇರ್ಲಿ.”

ಪುಸ್ತಕ ಅಲ್ಲೇ ಉಳಿಯಿತು. ಉತ್ತರ ಕಳಿಸುವ ಗಡುವು ಮುಗಿದೇ ಹೋಯಿತು. ಆದರೆ ಸೋಮವಾರ ಅವರು ಬಂದರು. ದೇವಮ್ಮಣ್ಣಿಯ ಸಾರಿಗೆ ಉಪ್ಪು ಮತ್ತೆ ಎರಡು ಸಲ ಬಿತ್ತು. ಯಾರೂ ದೂರಲಿಲ್ಲ.

ಮದುವೆಯ ದಿನ ಗೌರಮ್ಮ ನನ್ನನ್ನು ಮಜ್ಜಿಗೆ ಬಡಿಸಲು ನಿಲ್ಲಿಸಿ, “ಊಟ ಮುಗಿಯೋ ತಂಕ ಬಾಯಿ ತೆಗೆಯಲ್ಲ ಅಂತ ಆಣೆ ಮಾಡಿ,” ಎಂದಳು. ಮಾಡಿದೆ. ಎರಡನೆಯ ಪಂಕ್ತಿ ನಡೆಯುತ್ತಿರುವಾಗ ಗುರುಮಲ್ಲಪ್ಪನವರು ಆಚೆ ತುದಿಯಿಂದ, ಅದೇ ದೊಡ್ಡ ದನಿಯಲ್ಲಿ ಕೂಗಿದರು:

“ಮೇಷ್ಟ್ರೇ! ಎರಡು ಮನೆ ತಾನೇ?”

ಆ ಪದಬಂಧದಲ್ಲಿ ಅವರಿಗೆ ಇನ್ನೂ ಉಳಿದಿದ್ದ ಕೃಷ್ಣನನ್ನು ತುಂಬುತ್ತಿದ್ದಾರೆಂದು ನನಗೆ ಕೂಡಲೇ ತಿಳಿಯಿತು. ಕೃ, ಷ್ಣ. ಬಾಯಿ ತೆಗೆಯುವಂತಿಲ್ಲ. ಎರಡು ಬೆರಳು ಎತ್ತಿ, ಹೌದೆಂದು ಜೋರಾಗಿ ತಲೆ ಆಡಿಸಿದೆ.

ಪಂಕ್ತಿಯಲ್ಲಿದ್ದ ಒಬ್ಬ ಅಜ್ಜಿ ತುತ್ತು ಬಿಟ್ಟು ಗೌರಮ್ಮನ ಸೆರಗು ಜಗ್ಗಿದರು. “ಅಯ್ಯೋ ಮಗಾ, ನಿನ್ ಗಂಡಂಗೆ ಎರಡು ಮನೆಯಂತೆ ಕಣವ್ವಾ! ಬೆರಳೆತ್ತಿ ಒಪ್ಕೊಂಡ!”

ಅಪವಾದ ಬಂದೇ ಬಿಟ್ಟಿತಲ್ಲ! ಗೌರಮ್ಮ ಅಳುತ್ತಾಳೆ, ಕಿರುಚುತ್ತಾಳೆ, ಆಣೆ ಮುರಿದಾದರೂ ಅವಳನ್ನು ಸಮಾಧಾನಪಡಿಸಬೇಕು ಎಂದು ಸಿದ್ಧನಾದೆ.

ಗೌರಮ್ಮ ಪಲ್ಯ ಬಡಿಸುವ ಕೈ ಕೂಡ ನಿಲ್ಲಿಸಲಿಲ್ಲ. ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ ನಕ್ಕಳು.

“ಇವ್ರಿಗಾ? ಸುಮ್ನೆ ಉಣ್ಣಿ ಅಜ್ಜಿ. ಯಾರ್ ಹೆಣ್ ಕೊಟ್ಟಾರು!”

ಹೆಂಡತಿಗೆ ಸಂಶಯವಾದರೂ ಬರಬಾರದೇ? ಗಂಡಸಾದವನಿಗೆ ಅಷ್ಟಾದರೂ ಮರ್ಯಾದೆ ಬೇಡವೇ? ನಾನು ಮಜ್ಜಿಗೆಯ ಪಾತ್ರೆ ಎತ್ತಿಕೊಂಡು ಮುಂದಿನ ಎಲೆಗೆ ಹೋದೆ.